ಕೆಂಪು ಗುರುತು ಅಳಿಸಿದ್ದು ನಾನೇ

ಹರಪನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೆಕ್ಕೆಜೋಳ ಒಕ್ಕುವ ಯಂತ್ರಗಳ ನಕ್ಷೆ ಬರೆದವಳು ನಾನು. ಹೆಸರು ಕೊಟ್ರಮ್ಮ, ಊರು ಕೊಟ್ಟೂರು. ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗ ನಮ್ಮ ಭಾಗದ ಮಕ್ಕಳು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿಯುವ ಮುಂಚೆ ಮನೆಗೆ ಬಂದು, “ಯಾವ ಸಾಫ್ಟ್‌ವೇರ್ ಕಲೀಬೇಕ್ರಿ ಮೇಡಂ?” ಎಂದು ಕೇಳುತ್ತಾರೆ. ಯಾವುದಾದರೂ ಕಲಿಯಿರಿ, ನೀವು ಕೆಲಸಕ್ಕೆ ಸೇರುವಷ್ಟರಲ್ಲಿ ಅದು ಬದಲಾಗಿರುತ್ತದೆ ಎನ್ನುತ್ತೇನೆ. ಅವರು ಕೇಳದೆ ಇರುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂಬುದೆಲ್ಲ ಬೇಡ. ಅದು ಕಾರ್ಖಾನೆಯವರು ಕೊಟ್ಟ ಪತ್ರದಲ್ಲಿದೆ, ಪತ್ರ ಪೆಟ್ಟಿಗೆಯಲ್ಲಿದೆ.

ಐಟಿಐ ಮುಗಿಸಿ ಸೇರಿದಾಗ ಕಚೇರಿಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಲಗೆ, ಸ್ಕೇಲು, ಪೆನ್ಸಿಲ್ಲು. ಮೊದಲ ವರ್ಷವೇ ಒಂದು ದಿನ ಫಿಟ್ಟರ್ ಖಾಜಾಸಾಬರು ನನ್ನ ನಕ್ಷೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಕೆಳಗಿನ ಶೆಡ್ಡಿನಲ್ಲಿ ಯಂತ್ರ ಜೋಡಿಸುವವರಿಗೆಲ್ಲ ಅವರದೇ ಮಾತು.

“ತಂಗಿ, ಬೋಲ್ಟು ಭಾಳ ಛಲೋ ಬರದೀ. ಇದನ್ನ ಬಿಗಿ ಮಾಡಾಕ ಪಾನಾ ಎಲ್ಲಿಂದ ಹಾಕ್ಲಿ?”

“ಅಳತಿ ಸರಿ ಐತಲ್ರಿ ಖಾಜಣ್ಣ.”

“ಅಳತಿ ಬರೋಬರಿ ಐತಿ. ಕೈ ಹೋಗಂಗಿಲ್ಲ.”

ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ, ಎರಡು ತಗಡುಗಳ ನಡುವೆ ಕೈ ಹಾಕಲು ಹೇಳಿದರು. ಮೊಣಕೈ ತರಚಿತು, ಬೋಲ್ಟು ಮುಟ್ಟಲಾಗಲಿಲ್ಲ. ಸುತ್ತ ನಿಂತವರು ನಕ್ಕರು, ಖಾಜಾಸಾಬರು ನಗಲಿಲ್ಲ. ಅಂದಿನಿಂದ ನಕ್ಷೆ ಮುಗಿದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಯಂತ್ರದ ಒಳಗೆ ಕೈ ಹಾಕಿ ನೋಡುವುದು ರೂಢಿಯಾಯಿತು. ಕಂಪ್ಯೂಟರ್ ಬಂದ ಮೇಲೆ ಆ ರೂಢಿ ಯಾವಾಗ ಬಿಟ್ಟುಹೋಯಿತೋ ನನಗೇ ಗೊತ್ತಾಗಲಿಲ್ಲ.

ಕಂಪ್ಯೂಟರ್ ಬಂದು ಕೆಲವು ವರ್ಷ ಅದರಲ್ಲೂ ಬರೀ ಗೆರೆಗಳನ್ನೇ ಎಳೆದೆವು. ಆಮೇಲೆ ಇಡೀ ಯಂತ್ರವನ್ನು ಪರದೆಯ ಮೇಲೆ ಎಲ್ಲ ದಿಕ್ಕಿನಿಂದ ತಿರುಗಿಸಿ ನೋಡುವಂಥ ಸಾಫ್ಟ್‌ವೇರ್ ತಂದರು. ಅದರಲ್ಲಿ ಒಂದೊಂದು ಬಿಡಿಭಾಗವನ್ನೂ ಬೇರೆ ಬೇರೆ ಬರೆದು, ಆಮೇಲೆ ಜೋಡಿಸಬೇಕು. ಕಂಪ್ಯೂಟರಿನಲ್ಲಿ ವೆಲ್ಡಿಂಗ್ ಇಲ್ಲ, ಬೋಲ್ಟು ಬಿಗಿಯುವ ಪಾನಾ ಇಲ್ಲ. ಬದಲಿಗೆ ಅದಕ್ಕೆ ಹೀಗೆ ಹೇಳಿಕೊಡಬೇಕು: ಈ ತಗಡಿನ ಈ ಮುಖ ಆ ಪಟ್ಟಿಯ ಆ ಮುಖಕ್ಕೆ ತಾಗಿಯೇ ಇರಲಿ, ಈ ಶಾಫ್ಟಿನ ನಡುಗೆರೆ ಆ ತೂತಿನ ನಡುಗೆರೆಯ ಮೇಲೆಯೇ ಕೂರಲಿ. ಇದನ್ನು ಕನ್‌ಸ್ಟ್ರೈಂಟ್ ಎನ್ನುತ್ತಾರೆ. ಖಾಜಾಸಾಬರು ಒಮ್ಮೆ ನನ್ನ ಹಿಂದೆ ನಿಂತು ನೋಡಿ, “ಅಂದ್ರ ಕಟ್ಟು ಅನ್ನು” ಎಂದರು. ನನ್ನ ಬಾಯಿಗೂ ಅದೇ ಪದ ಬಂತು. ಇಲ್ಲೂ ಅದನ್ನೇ ಬರೆಯುತ್ತೇನೆ. ಒಂದು ಒಕ್ಕಣೆ ಯಂತ್ರದಲ್ಲಿ ಇಂಥ ಕಟ್ಟುಗಳು ಸಾವಿರದ ಹತ್ತಿರ ಇರುತ್ತಿದ್ದವು.

ಕಟ್ಟು ಹಾಕುವುದು ಎಷ್ಟು ಸುಲಭವೋ ಅದು ಹರಿಯುವುದೂ ಅಷ್ಟೇ ಸುಲಭ. ತಗಡಿನ ಅಂಚು ಸ್ವಲ್ಪ ಬದಲಿಸಿದರೆ ಸಾಕು, ಹಳೆಯ ಮುಖ ಹೋಗಿ ಅಲ್ಲಿ ಹೊಸ ಮುಖ ಹುಟ್ಟುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಕಟ್ಟಿದ್ದ ಮುಖ ಕಾಣದೆ ಅದು ಆ ಕಟ್ಟಿನ ಮುಂದೆ ಕೆಂಪು ಗುರುತು ಹಾಕುತ್ತದೆ. ಒಂದು ಸಲ ಸಾವ್ಕಾರರು ತೆನೆ ಒಕ್ಕುವ ಡ್ರಮ್ಮು ಸ್ವಲ್ಪ ದಪ್ಪ ಮಾಡಿ ಎಂದರು. ನಮ್ಮ ಮಾಲೀಕರನ್ನು ನಾವೆಲ್ಲ ಕರೆಯುತ್ತಿದ್ದುದೇ ಹಾಗೆ. ಡ್ರಮ್ಮಿನ ಅಳತೆ ಬದಲಿಸಿ ಬಟನ್ ಒತ್ತಿದೆ. ಪರದೆಯ ಎಡಬದಿ ಮೇಲಿಂದ ಕೆಳಗಿನವರೆಗೂ ಕೆಂಪಾಯಿತು. ಒಂದು ಗಾಲಿ ಹಾರಿ ಹೋಗಿ ತೆನೆ ಸುರಿಯುವ ಬಾಯಿಯ ಮೇಲೆ ನಿಂತಿತು. ಆ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಲು ನನಗೆ ಮೂರು ವಾರ ಹಿಡಿಯಿತು. ಕಣ್ಣು ಉರಿದು, ಬಸ್ಸಿನಲ್ಲಿ ಕಿಟಕಿಯ ಹೊರಗಿನ ಬೆಳಕನ್ನೂ ನೋಡಲಾಗುತ್ತಿರಲಿಲ್ಲ.

ಪ್ರೋಗ್ರಾಮ್ ಬರೆಯುವುದನ್ನು ಕಲಿತದ್ದು ಆ ಮೂರು ವಾರದ ಸಿಟ್ಟಿನಿಂದ. ನಾವು ಮಾಡಿದ ಕೆಲಸವನ್ನು ಸಾಲು ಸಾಲಾಗಿ ಬರೆದಿಟ್ಟುಕೊಳ್ಳುವ ಒಂದು ಸೌಲಭ್ಯ ಆ ಸಾಫ್ಟ್‌ವೇರಿನಲ್ಲಿ ಇತ್ತು. ಒಂದು ಕಟ್ಟು ಹಾಕಿ, ಅದು ಬರೆದಿಟ್ಟ ಸಾಲುಗಳನ್ನು ತೆರೆದು ಓದುತ್ತಿದ್ದೆ. ಇಂಗ್ಲಿಷು ಅಷ್ಟಕ್ಕಷ್ಟೆ, ಪಕ್ಕದಲ್ಲಿ ನಿಘಂಟು. ಊಟದ ಹೊತ್ತಿನಲ್ಲಿ ರೊಟ್ಟಿ ಮುರಿಯುತ್ತ ಓದಿದ್ದೇ ಹೆಚ್ಚು. ನಮ್ಮ ವಿಭಾಗದ ಮುಖ್ಯಸ್ಥರು ನಾಗರಾಜ್ ಸರ್, ದಾವಣಗೆರೆಯ ಇಂಜಿನಿಯರು. ಅವರಿಗೆ ಇದು ಹಿಡಿಸಲಿಲ್ಲ.

“ಏನ್ರೀ ಕೊಟ್ರಮ್ಮ, ನಕ್ಷೆ ಬಿಟ್ಟು ಪ್ರೋಗ್ರಾಮಿಂಗ್ ಶುರು ಮಾಡೀರಂತೆ? ಅದೆಲ್ಲ ನಿಮಗ್ಯಾಕೆ?”

ನಾನು ಓದುವುದನ್ನು ಮುಂದುವರಿಸಿದೆ. ನನ್ನ ಮೊದಲ ಪ್ರೋಗ್ರಾಮು ಏನೂ ರಿಪೇರಿ ಮಾಡುತ್ತಿರಲಿಲ್ಲ. ಎಲ್ಲ ಕಟ್ಟುಗಳನ್ನೂ ಮುಟ್ಟಿ ನೋಡಿ, ಹರಿದವು ಯಾವುವು, ಯಾವ ಭಾಗದವು ಎಂದು ಪಟ್ಟಿ ಕೊಡುತ್ತಿತ್ತು, ಅಷ್ಟೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕಲಿತ ಕೈ ಸುಮ್ಮನಿರುವುದಿಲ್ಲ. ಎರಡನೆಯ ಪ್ರೋಗ್ರಾಮು ಬರೆದೆ. ಹರಿದ ಕಟ್ಟು ಸಿಕ್ಕರೆ, ಹಳೆಯ ಮುಖ ಇದ್ದ ಜಾಗದ ಸುತ್ತ ಅದೇ ದಿಕ್ಕಿಗೆ ಇರುವ ಮುಖಗಳನ್ನು ಹುಡುಕಿ, ಎಲ್ಲಕ್ಕಿಂತ ಹತ್ತಿರದ್ದಕ್ಕೆ ತಾನೇ ಕಟ್ಟು ಹಾಕುತ್ತಿತ್ತು. ಮೊದಲ ಸಲ ಓಡಿಸಿದಾಗ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಪರದೆಯ ಕೆಂಪೆಲ್ಲ ಅಳಿಸಿಹೋಯಿತು. ಗಾಲಿ ಗಾಲಿಯ ಜಾಗಕ್ಕೆ, ಬಾಯಿ ಬಾಯಿಯ ಜಾಗಕ್ಕೆ. ನಾಗರಾಜ್ ಸರ್ ಎದ್ದು ಬಂದು ನೋಡಿದರು, ಸಾವ್ಕಾರರನ್ನೂ ಕರೆಸಿದರು. “ಇನ್ಮೇಲೆ ಎಲ್ಲ ಮಾಡೆಲ್ಲಿಗೂ ಇದನ್ನೇ ಓಡಿಸ್ರಿ” ಎಂದರು ನಾಗರಾಜ್ ಸರ್. ಅವತ್ತು ಬಸ್ಸಿನಲ್ಲಿ ನಿಂತೇ ಕೊಟ್ಟೂರಿಗೆ ಬಂದೆ. ಕಾಲು ನೋವು ಗೊತ್ತೇ ಆಗಲಿಲ್ಲ.

ಎರಡು ವರ್ಷ ಹಾಗೆಯೇ ನಡೆಯಿತು. ಕೆಂಪು ಕಂಡರೆ ಓಡಿಸುವುದು, ಕೆಂಪು ಹೋದರೆ ಸಹಿ ಮಾಡುವುದು. ಅದು ಯಾವ ಕಟ್ಟನ್ನು ಎಲ್ಲಿಗೆ ಹಾಕಿತು ಎಂದು ನಾನು ಬರೆದಿಡುತ್ತಿರಲಿಲ್ಲ. ಬರೆದಿಡು ಎಂದು ನಾನೇ ಅದಕ್ಕೆ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಹೊಸ ಮಾಡೆಲ್ ಬಂತು. ಹಳೆಯ ಯಂತ್ರದ ಪಕ್ಕದ ತಗಡು ಓಡುವಾಗ ಗಡಗಡ ಸದ್ದು ಮಾಡುತ್ತಿತ್ತು. ಅದರ ಅಂಚನ್ನು ಮಡಿಸಿ ಗಟ್ಟಿ ಮಾಡಬೇಕೆಂದು ತೀರ್ಮಾನವಾಯಿತು. ನಾನು ತಗಡು ಬದಲಿಸಿದೆ. ಕೆಂಪು ಬಂತು. ಪ್ರೋಗ್ರಾಮು ಓಡಿಸಿದೆ. ಕೆಂಪು ಹೋಯಿತು. ಹರಿದಿದ್ದ ಕಟ್ಟುಗಳಲ್ಲಿ ಒಂದು, ಡ್ರಮ್ಮು ತಿರುಗಿಸುವ ಬೆಲ್ಟಿಗೆ ಯಾರ ಕೈಯೂ ತಾಗದಂತೆ ಮುಚ್ಚುವ ಕಬ್ಬಿಣದ ಜಾಲರಿಯನ್ನು ಹಿಡಿಯುವ ಪಟ್ಟಿಯದು. ಆ ಪಟ್ಟಿ ತಗಡಿನ ಮಡಿಕೆಯ ಹೊರಮುಖಕ್ಕೆ ಕೂರಬೇಕಿತ್ತು. ಹತ್ತಿರ ಇದ್ದದ್ದು ಒಳಮುಖ. ಪ್ರೋಗ್ರಾಮು ನಾನು ಹೇಳಿದ್ದನ್ನೇ ಮಾಡಿತು, ಹತ್ತಿರದ್ದಕ್ಕೆ ಕಟ್ಟಿತು. ಜಾಲರಿ ಎರಡು ಬೆರಳಗಲ ಒಳಗೆ ಸರಿಯಿತು.

ಪರದೆಯ ಮೇಲೆ ಅದು ಎಲ್ಲೂ ತಾಗುತ್ತಿರಲಿಲ್ಲ. ಬೆಲ್ಟನ್ನು ನಾವು ಕಂಪ್ಯೂಟರಿನಲ್ಲಿ ಬರೆಯುತ್ತಲೇ ಇರಲಿಲ್ಲ. ಅದು ರಬ್ಬರು, ಬಾಗುತ್ತದೆ, ಬರೆಯುವುದು ಕಷ್ಟ ಎಂದು ಬಿಟ್ಟಿದ್ದೆವು. ಯಂತ್ರವನ್ನು ಶೆಡ್ಡಿನಲ್ಲಿ ಓಡಿಸಿ ನೋಡುವಾಗಲೂ ಜಾಲರಿ ಹಾಕುತ್ತಿರಲಿಲ್ಲ. ಹಳ್ಳಿಯ ಇಕ್ಕಟ್ಟಿನ ದಾರಿಯಲ್ಲಿ ಟ್ರ್ಯಾಕ್ಟರಿನ ಹಿಂದೆ ಎಳೆದೊಯ್ಯುವಾಗ ಅದು ಗಿಡಗಂಟಿಗೆ ಬಡಿಯುತ್ತದೆಂದು ಬೇರೆ ಕಟ್ಟಿ ಕೊಟ್ಟು, ಕೊಂಡವರ ಊರಿನಲ್ಲಿ ಹಾಕಿಸುತ್ತಿದ್ದರು. ಖಾಜಾಸಾಬರಿದ್ದಿದ್ದರೆ ಒಮ್ಮೆ ಹಾಕಿ ನೋಡುತ್ತಿದ್ದರೋ ಏನೋ. ಅವರು ಆಗ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ರಜೆಯಲ್ಲಿದ್ದರು.

ಸುಗ್ಗಿ ನಡೆದಿತ್ತು. ಒಂದು ಮಧ್ಯಾಹ್ನ ಗುಡೇಕೋಟೆ ಕಡೆಯಿಂದ ಫೋನು ಬಂತು. ಕಣದಲ್ಲಿ ತೆನೆ ಹಾಕುತ್ತಿದ್ದ ಹೆಣ್ಣುಮಗಳ ಸೆರಗು ಬೆಲ್ಟಿಗೆ ಸಿಕ್ಕಿ, ಬಿಡಿಸಿಕೊಳ್ಳಲು ಹೋದ ಬಲಗೈಯನ್ನು ಬೆಲ್ಟು ಸುತ್ತುವ ಪುಲ್ಲಿ ಎಳೆದುಕೊಂಡಿತ್ತು. ಆಕೆಯ ಹೆಸರು ಹನುಮಕ್ಕ. ಜೀವಕ್ಕೆ ಅಪಾಯವಿಲ್ಲ, ಕೈ ಉಳಿಯುವುದು ಅನುಮಾನ ಎಂದರು.

ನಾಗರಾಜ್ ಸರ್ ಫೋನಿಟ್ಟು ಹೇಳಿದರು: “ಜಾಲರಿ ಬಿಚ್ಚಿಟ್ಟು ಓಡಿಸ್ಯಾರೆ. ಅವರದೇ ತಪ್ಪು. ನಾವು ಕೊಟ್ಟಿದ್ವಿ, ಅವರು ಹಾಕಿಲ್ಲ.”

ಕಚೇರಿಯಲ್ಲಿ ಎಲ್ಲರಿಗೂ ಸ್ವಲ್ಪ ಸಮಾಧಾನವಾಯಿತು. ನನಗೂ ಆಯಿತು. ಅದನ್ನು ಮುಚ್ಚಿಡುವುದಿಲ್ಲ.

ಖಾಜಾಸಾಬರಿಗೆ ಸಮಾಧಾನವಾಗಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡೇ ಕೆಲಸಕ್ಕೆ ಬಂದವರು, “ಕೊಟ್ಟ ಜಾಲರಿ ಯಾಕ ಬಿಚ್ಚಿಟ್ರು? ಯಾರೂ ಸುಮ್ನ ಬಿಚ್ಚಂಗಿಲ್ಲ. ನಡಿ ತಂಗಿ, ನೋಡ್ಕೊಂಡು ಬರೋಣು” ಎಂದರು. ಮರುದಿನ ಇಬ್ಬರೂ ಕೂಡ್ಲಿಗಿಗೆ ಹೋಗಿ ಅಲ್ಲಿಂದ ಜೀಪು ಹಿಡಿದೆವು. ಹನುಮಕ್ಕ ಆಸ್ಪತ್ರೆಯಲ್ಲಿದ್ದಳು. ಯಂತ್ರ ಕಣದಲ್ಲೇ ನಿಂತಿತ್ತು, ಸುತ್ತ ಅರ್ಧ ಒಕ್ಕಿದ ತೆನೆ. ಜಾಲರಿಯನ್ನು ಬೇಲಿಗೆ ಆನಿಸಿಟ್ಟಿದ್ದರು.

ಅವಳ ಮೈದುನ ನಮ್ಮನ್ನು ನೋಡಿ, “ಹಾಕಿದ್ವಿರೀ. ಹಾಕಿದ್ರ ಬೆಲ್ಟು ಬಡ್ಕೊಂಡು ಕಿರ್ ಅಂತಿತ್ತು, ಹೊಗಿ ಬರಾಕತ್ತಿತ್ತು. ಬಿಚ್ಚಿದ ಮ್ಯಾಲೆ ಸುಮ್ನಾತು” ಎಂದ.

ಖಾಜಾಸಾಬರು ಜಾಲರಿ ಎತ್ತಿ ಪಟ್ಟಿಗೆ ಹಿಡಿದರು. ಟೇಪು ಕೇಳಿದರು. ಕೊಟ್ಟೆ. ಅವರು ಅಳೆಯುವ ಮುಂಚೆಯೇ ನನಗೆ ಗೊತ್ತಾಗಿತ್ತು. ಪಟ್ಟಿ ಮಡಿಕೆಯ ಒಳಗೆ ಕೂತಿತ್ತು. ನಾನು ಆ ಪಟ್ಟಿಯನ್ನು ಹಲವು ವರ್ಷ ತಗಡಿನ ಹೊರಗೇ ನೋಡಿದವಳು.

“ತಂಗಿ, ಇದು ಕೂಡಂಗಿಲ್ಲ,” ಎಂದರು ಅವರು. “ವೆಲ್ಡಿಂಗ್ ನಮ್ಮೋರು ತಪ್ಪು ಹಾಕ್ಯಾರೋ, ಇಲ್ಲ ಕಾಗದದಾಗ ತಪ್ಪೈತೋ?”

“ಕಾಗದದಾಗ, ಖಾಜಣ್ಣ. ನಂದು.”

ಅವರು ಜಾಲರಿಯನ್ನು ಮೆಲ್ಲಗೆ ಕೆಳಗಿಟ್ಟರು. ವಾಪಸು ಬರುವ ದಾರಿಯಲ್ಲಿ ಹರಪನಹಳ್ಳಿವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು.

ಕಚೇರಿಗೆ ಬಂದು ಫೈಲು ತೆರೆದೆ. ಆ ಕಟ್ಟಿನ ಮೇಲೆ ಒತ್ತಿದರೆ ಪರದೆಯಲ್ಲಿ ಒಳಮುಖ ಹಸಿರಾಗಿ ಹೊಳೆಯಿತು. ಕೆಂಪು ಇಲ್ಲ, ಎಚ್ಚರಿಕೆ ಇಲ್ಲ. ಕಂಪ್ಯೂಟರಿನ ಲೆಕ್ಕಕ್ಕೆ ಎಲ್ಲವೂ ಸರಿ. ನಾಗರಾಜ್ ಸರ್‌ಗೆ ತೋರಿಸಿದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು.

“ಕೊಟ್ರಮ್ಮ, ಇದನ್ನ ಈಗ ಯಾರಿಗೂ ಹೇಳೋದು ಬ್ಯಾಡ. ಫೈಲ್ ಸರಿ ಮಾಡಿಬಿಡ್ರಿ. ಮುಂದಿನ ಯಂತ್ರಗಳು ಸರಿಯಾಗೇ ಹೋಗ್ತಾವೆ. ನಿಮ್ಮ ಹೆಸರೂ ಉಳೀತದೆ, ನನ್ನ ಸಹಿನೂ ಉಳೀತದೆ.”

“ಹೋಗಿರೋವು ಏನ್ ಮಾಡೋದ್ರಿ ಸರ್?”

ಅವರು ಮೇಜಿನ ಮೇಲಿನ ಪೆನ್ನನ್ನು ತಿರುಗಿಸುತ್ತ ಕೂತರು. ಅವರನ್ನು ಕೆಟ್ಟವರೆಂದು ಬರೆಯಲಾರೆ. ಹೆದರಿದ್ದರು. ನಾನೂ ಹೆದರಿದ್ದೆ. ಆದರೆ ಹೊಲಗಳಲ್ಲಿ ಅದೇ ಯಂತ್ರದ ಮುಂದೆ ಬೇರೆ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ತೆನೆ ಹಾಕುತ್ತಿದ್ದರು. ಅದನ್ನು ನೆನೆದರೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಎದ್ದು ಸಾವ್ಕಾರರ ಕೋಣೆಗೆ ಹೋದೆ. ನಾಗರಾಜ್ ಸರ್ ತಡೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರೂ ಬಂದು ನನ್ನ ಪಕ್ಕ ನಿಂತರು.

ಸಾವ್ಕಾರರು ಓದಿದ್ದು ಕಡಿಮೆ, ಕಬ್ಬಿಣ ಬಲ್ಲವರು. ನಾನು ಎಲ್ಲ ಹೇಳಿದೆ: ಪ್ರೋಗ್ರಾಮು ನಾನು ಬರೆದದ್ದು, ಅದು ತಪ್ಪು ಮುಖಕ್ಕೆ ಕಟ್ಟಿತು, ಕೆಂಪು ಹೋಯಿತೆಂದು ನಾನು ನೋಡಲಿಲ್ಲ.

“ಇಂಥವು ಎಲ್ಲೆಲ್ಲಿ ಹೋಗ್ಯಾವು?” ಎಂದರು ಸಾವ್ಕಾರರು.

“ಐದು ತಾಲ್ಲೂಕಿನಾಗ ಅದಾವ್ರಿ.”

“ಊರ ಹೆಸರು ಬರಕೊಂಡು ಬಾರವ್ವ. ಖಾಜಾನ ಕರೀರಿ. ನಾಳಿಂದ ಶೆಡ್ಡಿನ ಕೆಲಸ ಬಂದ್.” ಆಮೇಲೆ ತಗ್ಗಿದ ದನಿಯಲ್ಲಿ, “ಆ ಹೆಣ್ಮಗಳ ಆಸ್ಪತ್ರಿ ನಾನು ನೋಡ್ಕೋತೀನಿ. ಅದರಿಂದ ಕೈ ಬರಂಗಿಲ್ಲ” ಎಂದರು.

ಸುಮಾರು ಒಂದು ತಿಂಗಳು ಊರೂರು ತಿರುಗಿದೆವು. ಒಂದು ಗೂಡ್ಸ್ ಟೆಂಪೋ, ಅದರಲ್ಲಿ ಗ್ಯಾಸ್ ಕಟ್ಟರ್, ವೆಲ್ಡಿಂಗ್ ಸಾಮಾನು, ಖಾಜಾಸಾಬರು, ನಾನು. ನೀನ್ಯಾಕೆ ಬರುತ್ತೀ ಎಂದು ಅವರು ಮೊದಲ ದಿನ ಕೇಳಿದ್ದರು. ಆಮೇಲೆ ಕೇಳಲಿಲ್ಲ. ಅವರು ಹಳೆಯ ಪಟ್ಟಿ ಕತ್ತರಿಸುವುದು, ನಾನು ಅಳತೆ ಹಿಡಿದು ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಅವರು ಹೊಸದು ಕೂರಿಸುವುದು. ಎಲ್ಲ ಕಡೆಯೂ ಜಾಲರಿ ಹಾಕಿ ಯಂತ್ರ ಓಡಿಸಿ, ಬೆಲ್ಟು ಬಡಿಯುವುದಿಲ್ಲ ಎಂದು ಕೇಳಿಸಿಕೊಂಡೇ ಹೊರಡುತ್ತಿದ್ದೆವು.

ಹೋದಲ್ಲೆಲ್ಲ ಜಾಲರಿ ಬಿಚ್ಚಿಟ್ಟಿದ್ದರು. ಹಡಗಲಿ ಕಡೆ ಒಂದು ಹಳ್ಳಿಯಲ್ಲಿ ಅದರ ಮೇಲೆ ಶ್ಯಾವಿಗೆ ಒಣಗಿಸಿದ್ದರು. ಕೋಗಳಿಯಲ್ಲಿ ರೈತರೊಬ್ಬರು ಯಂತ್ರ ಮುಟ್ಟಲೇ ಬಿಡಲಿಲ್ಲ.

“ಜಾಲರಿ ಇಲ್ದೇ ಛಲೋ ನಡೀತೈತ್ರಿ. ಕಟ್ ಮಾಡಿ ನಮ್ ಮಷೀನು ಯಾಕ ಕೆಡಸ್ತೀರಿ?”

ನಾನು ಹನುಮಕ್ಕನ ವಿಷಯ ಹೇಳಿದೆ. ಅವರು ನಂಬಲಿಲ್ಲ. ಆಗ ಖಾಜಾಸಾಬರು ಒಂದು ಗೋಣಿಚೀಲ ತಂದು, ಎಲ್ಲರನ್ನೂ ದೂರ ನಿಲ್ಲಿಸಿ, ಯಂತ್ರ ಓಡಿಸಿ, ಉದ್ದ ಕೋಲಿನ ತುದಿಯಿಂದ ಚೀಲದ ಅಂಚನ್ನು ಬೆಲ್ಟಿಗೆ ತಾಗಿಸಿದರು. ಚೀಲ ಇತ್ತು, ಮರುಗಳಿಗೆ ಇರಲಿಲ್ಲ. ಕೋಲೂ ಮುರಿದಿತ್ತು. ಖಾಜಾಸಾಬರು ಯಂತ್ರ ನಿಲ್ಲಿಸಿದರು. ಆ ರೈತರು ತಾವೇ ಹೋಗಿ ಹಿತ್ತಲಿನಿಂದ ಜಾಲರಿ ಹೊತ್ತು ತಂದರು.

ಸಂಜೆ ಕಚೇರಿಗೆ ಮರಳಿದ ದಿನಗಳಲ್ಲಿ ಪ್ರೋಗ್ರಾಮನ್ನು ತಿದ್ದಿದೆ. ಪೂರ್ತಿ ಕಿತ್ತು ಹಾಕಲೂ ಮನಸ್ಸಾಗಿತ್ತು. “ಪಾನಾ ತಪ್ಪು ಮಾಡಂಗಿಲ್ಲ ತಂಗಿ, ಹಿಡದವ್ರು ಮಾಡ್ತಾರ” ಎಂದು ಖಾಜಾಸಾಬರು ಹೇಳಿದ ಮೇಲೆ ಉಳಿಸಿದೆ. ಈ ಕೆಲಸಕ್ಕೆ ಬರುವವರು ಇದೊಂದನ್ನು ಗಮನವಿಟ್ಟು ಓದಬೇಕು. ನಾನು ಮೊದಲು ಬದಲಿಸಿದ್ದು ಕಟ್ಟು ಹಾಕುವ ಬಗೆಯನ್ನು. ಭಾಗದ ಮುಖಕ್ಕೆ, ಅಂಚಿಗೆ ಕಟ್ಟುವುದನ್ನು ಬಿಟ್ಟೆವು. ಪ್ರತಿ ಭಾಗದಲ್ಲೂ ಕಣ್ಣಿಗೆ ಕಾಣದ ಸಮತಲಗಳನ್ನು ನಾವೇ ಹಾಕಿ, ಅವಕ್ಕೆ ಹೆಸರಿಟ್ಟು, ಅವಕ್ಕೇ ಕಟ್ಟಿದೆವು. ತಗಡು ಹೇಗೆ ಮಡಿಸಿದರೂ ಆ ಹೆಸರು ಅಳಿಯುವುದಿಲ್ಲ. ಪ್ರೋಗ್ರಾಮು ಅದೇ ಹೆಸರು ಸಿಕ್ಕರೆ ಮಾತ್ರ ತಾನೇ ಕಟ್ಟುತ್ತಿತ್ತು. ಸಿಗದಿದ್ದರೆ ಊಹೆ ಮಾಡುತ್ತಿರಲಿಲ್ಲ, ಕೆಂಪನ್ನು ಕೆಂಪಾಗಿಯೇ ಬಿಟ್ಟು ಮನುಷ್ಯರನ್ನು ಕೇಳುತ್ತಿತ್ತು. ಓಡಿಸುವ ಮುಂಚೆ ಪ್ರತಿ ಭಾಗ ಎಲ್ಲಿತ್ತು, ಆದ ಮೇಲೆ ಎಲ್ಲಿದೆ ಎಂದು ಬರೆದಿಟ್ಟು, ಕೂದಲೆಳೆಯಷ್ಟು ಸರಿದರೂ ಆ ಭಾಗದ ಹೆಸರನ್ನು ಕಾಗದದ ಮೇಲೆ ಕೊಡುತ್ತಿತ್ತು. ಆ ಕಾಗದಕ್ಕೆ ಶೆಡ್ಡಿನವರ ಸಹಿಯೂ ಬೇಕು ಎಂದು ನಿಯಮ ತಂದವರು ನಾಗರಾಜ್ ಸರ್. ಬೆಲ್ಟನ್ನೂ ಬರೆಯತೊಡಗಿದೆವು. ಕಷ್ಟವೇನೂ ಇರಲಿಲ್ಲ.

ಇಷ್ಟರಲ್ಲಿ ಎಲ್ಲ ಊರೂ ಮುಗಿದಿದ್ದವು. ಒಂದು ಉಳಿದಿತ್ತು. ಅದನ್ನು ನಾನೇ ಹಿಂದಕ್ಕೆ ತಳ್ಳುತ್ತ ಬಂದಿದ್ದೆ. ಖಾಜಾಸಾಬರಿಗೂ ಗೊತ್ತಿತ್ತು, ಕೇಳಿರಲಿಲ್ಲ.

ಗುಡೇಕೋಟೆಯ ಆ ಕಣಕ್ಕೆ ಮತ್ತೆ ಹೋದಾಗ ಹನುಮಕ್ಕ ಮನೆಗೆ ಬಂದು ಹತ್ತು ದಿನವಾಗಿತ್ತು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಬಲಗೈಗೆ ಮಣಿಕಟ್ಟಿನಿಂದ ಮೇಲೆ ಬಿಳಿ ಬಟ್ಟೆ ಸುತ್ತಿತ್ತು, ಮಣಿಕಟ್ಟಿನಿಂದ ಕೆಳಗೆ ಏನೂ ಇರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದಳು. ಎದುರು ಹೋಗಿ ನಿಂತೆ.

“ಮಷೀನಿನ ನಕ್ಷಿ ಬರದಾಕಿ ನಾನವ್ವ,” ಎಂದೆ. “ಜಾಲರಿ ಕೂಡದಂಗ ಆಗಿದ್ದು ನನ್ನ ತಪ್ಪಿನಿಂದ. ನಿಮ್ಮ ಮನ್ಯಾಗಿನವರು ತಪ್ಪು ಮಾಡಿಲ್ಲ.”

ಅವಳು ಮೈದುನನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ತಾನೇ ಬಿಚ್ಚಿದ್ದೆಂದು ಅವನು ಆ ದಿನದಿಂದ ಸರಿಯಾಗಿ ಉಂಡಿರಲಿಲ್ಲವಂತೆ. ಆಮೇಲೆ ತಿಳಿಯಿತು.

“ಜಾಲರಿ ಅಂತ ಒಂದೈತಿ ಅನ್ನೋದೇ ನನಗ ಗೊತ್ತಿರ್ಲಿಲ್ರಿ,” ಎಂದಳು ಹನುಮಕ್ಕ. “ಹಾಕ್ರಿ. ನೋಡ್ತೀನಿ.”

ಖಾಜಾಸಾಬರು ಹಳೆಯ ಪಟ್ಟಿ ಕತ್ತರಿಸಿದರು. ನಾನು ಗುರುತು ಹಾಕಿದೆ. ವೆಲ್ಡಿಂಗ್ ಆರಿದ ಮೇಲೆ ಜಾಲರಿ ಎತ್ತಿ ಕೂರಿಸಿ ನಾಲ್ಕು ಬೋಲ್ಟು ಬಿಗಿದರು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಹನುಮಕ್ಕ ಎದ್ದು ಬಂದಳು. ಎಡಗೈಯನ್ನು ಜಾಲರಿಯ ಮೇಲಿಟ್ಟು ಒತ್ತಿ ನೋಡಿದಳು. ಬೆರಳನ್ನು ಅದರ ಕಿಂಡಿಯೊಳಗೆ ತೂರಿಸಲು ನೋಡಿದಳು. ಹೋಗಲಿಲ್ಲ.

“ಇಷ್ಟೇ ಏನ್ರಿ?” ಎಂದಳು.

“ಇಷ್ಟೇ ಅವ್ವ,” ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ತಿರುಗಿ ಒಳಗೆ ಹೋದಳು. ನಾವು ಸಾಮಾನು ಕಟ್ಟುತ್ತಿದ್ದೆವು. ಒಳಗೆ ಪಾತ್ರೆಯ ಸದ್ದು, ಏನೋ ಬಿದ್ದ ಸದ್ದು, ಮತ್ತೆ ಎತ್ತಿಟ್ಟ ಸದ್ದು ಕೇಳಿಸಿತು. ಸಹಾಯಕ್ಕೆ ಹೋಗೋಣವೆಂದು ಎದ್ದೆ. ಖಾಜಾಸಾಬರು ಬೇಡವೆಂದು ಕೈಸನ್ನೆ ಮಾಡಿದರು. ಬಹಳ ಹೊತ್ತಿನ ಮೇಲೆ ಅವಳು ಹೊರಗೆ ಬಂದಳು. ಕೈಯಲ್ಲಿ ಚಹಾದ ಲೋಟ.

“ಎಡಗೈಲೆ ಕೊಡಾಕತ್ತೀನ್ರಿ,” ಎಂದಳು. “ತಪ್ಪು ತಿಳ್ಕೋಬ್ಯಾಡ್ರಿ.”

ನಾನು ಎರಡೂ ಕೈಯಿಂದ ತೆಗೆದುಕೊಂಡೆ.